‘ಹಾರ್ಟ್ ಆಫ್ ಡಾರ್ಕ್‌ನೆಸ್’ ಪಾಠ ಮಾಡಬೇಕೇ, ಬಿಡಬೇಕೇ?

ಪ್ರಶ್ನೆ: ಸರ್, ನಾನು ಉತ್ತರ ಕನ್ನಡ ಜಿಲ್ಲೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಈ ಸೆಮಿಸ್ಟರ್‌ನಲ್ಲಿ ಜೋಸೆಫ್ ಕಾನ್ರಾಡ್ ಅವರ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ನನ್ನ ಪಾಲಿಗೆ ಬಂದಿದೆ. ನದಿ ದಡದ ಆಫ್ರಿಕನ್ನರ ವರ್ಣನೆ ಓದುತ್ತಿದ್ದಾಗ ಹಿಂದಿನ ಬೆಂಚಿನ ಇಬ್ಬರು ಹುಡುಗರು ನಕ್ಕರು. ಅವರು ತಿರುಗಿ ನೋಡಿದ್ದು ನಮ್ಮ ತರಗತಿಯ, ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಹುಡುಗಿಯ ಕಡೆಗೆ. ಅವಳು ತಲೆ ತಗ್ಗಿಸಿ ಕೂತಳು. ನಾನು ಆ ಪುಟ ಬಿಟ್ಟು ಮುಂದಕ್ಕೆ ಹೋದೆ. ವಿಭಾಗದ ಹಿರಿಯರು, ‘ಆ ಕಾಲವೇ ಹಾಗಿತ್ತು. ಈ ಕಾದಂಬರಿ ಇರೋದು ಮನುಷ್ಯನೊಳಗಿನ ಕೆಡುಕಿನ ಬಗ್ಗೆ. ಜನಾಂಗದ ಮಾತು ಯಾಕೆ ತರ್ತೀರಿ?’ ಅಂದರು. ಇನ್ನೊಬ್ಬರು, ‘ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚಿಬೆ ಅದನ್ನು ಯಾವತ್ತೋ ತಿರಸ್ಕರಿಸಿದ್ದಾರೆ, ಬಿಟ್ಟುಬಿಡಿ’ ಅಂದರು. ನನ್ನದೇ ಒಂದು ಸಂಕಟವೂ ಇದೆ. ಓದುವಾಗ ನಾನು ಬಿಳಿಯರ ಜೊತೆ ಸ್ಟೀಮರ್‌ನಲ್ಲೇ ಕೂತಿದ್ದೆ, ದಡದ ಜನರನ್ನು ಕಂಡು ಹೆದರಿದೆ. ನಾವೂ ಆಳಿಸಿಕೊಂಡವರೇ ಅಲ್ವಾ? ಕಾನ್ರಾಡ್ ನಿಜಕ್ಕೂ ಜನಾಂಗದ್ವೇಷಿಯೇ? ಪಾಠ ಮಾಡಲಾ, ಬಿಡಲಾ? ಪರೀಕ್ಷೆಗೆ ಈ ಪ್ರಶ್ನೆ ಬಂದರೆ ಮಕ್ಕಳು ಏನು ಬರೆಯಬೇಕು?

ಉತ್ತರ: ಕಾದಂಬರಿ ಓದದವರಿಗಾಗಿ ಮೊದಲು ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ ಒಂದು ಹಾಯಿದೋಣಿ. ಅದರಲ್ಲಿ ಕೂತು ಮಾರ್ಲೋ ಎಂಬ ನಾವಿಕ ಸ್ನೇಹಿತರಿಗೆ ತನ್ನ ಹಳೆಯ ಅನುಭವ ಹೇಳುತ್ತಾನೆ. ಯುರೋಪಿನ ಒಂದು ಕಂಪನಿ ಆಫ್ರಿಕಾದ ದೊಡ್ಡ ನದಿಯಲ್ಲಿ ಸ್ಟೀಮರ್ ನಡೆಸಲು ಅವನನ್ನು ಕಳಿಸಿರುತ್ತದೆ. ಆ ನದಿಯ ಒಳನಾಡಿನಲ್ಲಿ ಕರ್ಟ್ಜ್ ಎಂಬ ಏಜೆಂಟ್ ಇದ್ದಾನೆ. ಉಳಿದವರೆಲ್ಲ ಸೇರಿ ಕಳಿಸುವಷ್ಟು ಆನೆದಂತವನ್ನು ಅವನೊಬ್ಬನೇ ಕಳಿಸುತ್ತಾನೆ. ಓದಿದವನು, ಮಾತುಗಾರ, ಆಫ್ರಿಕನ್ನರನ್ನು ತಿದ್ದುತ್ತೇನೆಂದು ಹೊರಟವನು. ಮಾರ್ಲೋ ಅಲ್ಲಿಗೆ ಹೋಗಿ ನೋಡಿದರೆ ಅವನ ಮನೆಯ ಮುಂದಿನ ಕಂಬಗಳಿಗೆ ಮನುಷ್ಯರ ತಲೆ ಸಿಕ್ಕಿಸಿದೆ. ಕಾಯಿಲೆಯಾಗಿದ್ದ ಕರ್ಟ್ಜ್ ವಾಪಸು ಬರುವ ದಾರಿಯಲ್ಲಿ ‘ಘೋರ! ಘೋರ!’ ಎನ್ನುತ್ತಾ ಸಾಯುತ್ತಾನೆ. ಊರಿಗೆ ಮರಳಿದ ಮಾರ್ಲೋ, ಅವನನ್ನು ಮದುವೆಯಾಗಬೇಕಿದ್ದ ಹುಡುಗಿಗೆ ‘ಕೊನೆಗೆ ಅವನು ಹೇಳಿದ್ದು ನಿಮ್ಮ ಹೆಸರು’ ಎಂದು ಸುಳ್ಳು ಹೇಳುತ್ತಾನೆ.

ಎಂ.ಎ. ತರಗತಿಗಳಿಗೆ ಇದನ್ನು ಬಹಳ ವರ್ಷ ಪಾಠ ಮಾಡಿದ್ದೇನೆ. ನಿಮಗೆ ಬಂದ ಎರಡು ಸಲಹೆಗಳಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಹಿರಿಯರ ಮಾತು. ‘ಎಲ್ಲರ ಎದೆಯಲ್ಲೂ ಕತ್ತಲೆ ಇದೆ, ಕಾಡಿಗೆ ಹೋದರೆ ಅದು ಹೊರಗೆ ಬರುತ್ತದೆ’ ಅನ್ನೋ ವಾಕ್ಯ ಗೈಡುಗಳಲ್ಲೆಲ್ಲ ಇದೆ. ಕೇಳೋಕೆ ದೊಡ್ಡ ಮಾತು. ಆದರೆ ಹಾಗೆ ಹೇಳಿದ ಕೂಡಲೇ ಕಂಪನಿ ಮರೆಯಾಗುತ್ತದೆ, ಅದರ ಹಿಂದಿದ್ದ ಬೆಲ್ಜಿಯಂ ರಾಜ ಮರೆಯಾಗುತ್ತಾನೆ, ಆನೆದಂತದ ಲೆಕ್ಕವೂ ಮರೆಯಾಗುತ್ತದೆ. ಕೊನೆಗೆ ಉಳಿಯೋದು ಒಬ್ಬ ಬಿಳಿಯನ ಆತ್ಮ ಮತ್ತು ಅವನನ್ನು ಕೆಡಿಸಿದ ಕಾಡು. ಕೊಲೆ ಮಾಡಿದವನು ಕರ್ಟ್ಜ್, ತಪ್ಪು ಮಾತ್ರ ಆಫ್ರಿಕಾದ್ದು!

ಕಾದಂಬರಿಯೇ ಇದನ್ನು ಒಪ್ಪೋದಿಲ್ಲ. ಕರ್ಟ್ಜ್‌ಗಿಂತ ಬಹಳ ಮುಂಚೆ ಬರುವ ಲೆಕ್ಕಿಗನ ಪ್ರಸಂಗವನ್ನು ತರಗತಿಯಲ್ಲಿ ನಿಧಾನವಾಗಿ ಓದಿ. ಕಂಪನಿಯ ಮೊದಲ ಠಾಣೆಯಲ್ಲಿ ಮಾರ್ಲೋ ಕಾಣೋದು ಕುತ್ತಿಗೆಗೆ ಕಬ್ಬಿಣದ ಪಟ್ಟಿ ಹಾಕಿ ಒಂದೇ ಸರಪಳಿಯಲ್ಲಿ ಕಟ್ಟಿದ ಆರು ಜನರನ್ನು. ಮಣ್ಣಿನ ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದಾರೆ. ಸ್ವಲ್ಪ ಮುಂದೆ ಮರಗಳ ನೆರಳಲ್ಲಿ, ದುಡಿದು ಸವೆದ ಕೂಲಿಗಳು ಸಾಯೋಕೆ ಅಂತ ಬಿದ್ದಿದ್ದಾರೆ. ಅವರಲ್ಲೊಬ್ಬ ಹುಡುಗನಂತಿದ್ದಾನೆ. ಕೊರಳಲ್ಲಿ ಒಂದು ಎಳೆ ಬಿಳಿ ದಾರ. ಮಾರ್ಲೋ ಅವನ ಕೈಗೆ ಒಂದು ಬಿಸ್ಕತ್ತು ಕೊಡುತ್ತಾನೆ. ಅಲ್ಲಿಂದ ಎದ್ದು ಬಂದರೆ ಎದುರಿಗೆ ಕಂಪನಿಯ ಮುಖ್ಯ ಲೆಕ್ಕಿಗ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರ್, ಬೆಳ್ಳನೆಯ ಕಫ್, ಹೊಳೆಯುವ ಬೂಟು. ಈ ಕಾಡಿನಲ್ಲಿ ಬಟ್ಟೆ ಹೀಗೆ ಹೇಗೆ ಇಟ್ಟುಕೊಂಡಿದ್ದೀರಿ ಎಂದರೆ, ಠಾಣೆಯ ಒಬ್ಬ ಸ್ಥಳೀಯ ಹೆಂಗಸಿಗೆ ಕಲಿಸಿಕೊಟ್ಟೆ, ಕಷ್ಟವಾಯಿತು, ಅವಳಿಗೆ ಆ ಕೆಲಸ ಇಷ್ಟವಿರಲಿಲ್ಲ ಎನ್ನುತ್ತಾನೆ. ಅವನ ಲೆಕ್ಕದ ಪುಸ್ತಕಗಳು ಚೊಕ್ಕ. ಕಾಯಿಲೆ ಬಿದ್ದ ಏಜೆಂಟನೊಬ್ಬನನ್ನು ತಂದು ಅದೇ ಕೋಣೆಯಲ್ಲಿ ಮಲಗಿಸಿದರೆ, ಇವನ ನರಳಾಟದಿಂದ ಲೆಕ್ಕ ತಪ್ಪುತ್ತದೆ ಅನ್ನೋದು ಅವನ ದೂರು. ಹೊರಗೆ ಹೊರೆಯಾಳುಗಳ ಗದ್ದಲ ಎದ್ದಾಗ ಅವನು ಹೇಳುವ ಮಾತಿನ ಸಾರ ಇಷ್ಟು: ಲೆಕ್ಕ ಸರಿಯಾಗಿ ಬರೆಯಬೇಕಾದವನಿಗೆ ಈ ಕಾಡುಜನರ ಮೇಲೆ ದ್ವೇಷ ಬಂದೇ ಬರುತ್ತದೆ, ಸಾಯುವಷ್ಟು ದ್ವೇಷ.

ಈ ಲೆಕ್ಕಿಗನಿಗೆ ಹುಚ್ಚು ಹಿಡಿದಿಲ್ಲ, ಕಾಡು ಅವನನ್ನು ಏನೂ ಮಾಡಿಲ್ಲ. ಅವನು ಒಳ್ಳೆಯ ನೌಕರ. ಮೂರು ಹೆಜ್ಜೆ ಆಚೆ ಜನ ಸಾಯುತ್ತಿದ್ದಾರೆ, ಅವನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಕಾನ್ರಾಡ್ ಕೆಡುಕನ್ನು ಅತಿ ಸ್ಪಷ್ಟವಾಗಿ ಹಿಡಿದಿರೋದು ಇಲ್ಲಿ ಅಂತ ನನ್ನ ಅನಿಸಿಕೆ. ಕರ್ಟ್ಜ್‌ನ ಕೊನೆಯ ಉದ್ಗಾರದ ಮೇಲೆ ಪುಟಗಟ್ಟಲೆ ಬರೆಯುವ ವಿದ್ಯಾರ್ಥಿಗಳು ಈ ಲೆಕ್ಕಿಗನ ಬಗ್ಗೆ ಒಂದು ಸಾಲೂ ಬರೆಯೋದಿಲ್ಲ. ಅದು ನನಗೆ ಯಾವಾಗಲೂ ಬೇಜಾರಿನ ವಿಷಯ.

ಕಾದಂಬರಿಯಲ್ಲಿ ಕಾಂಗೋ ಎಂಬ ಹೆಸರಿಲ್ಲ, ಬೆಲ್ಜಿಯಂ ಎಂಬ ಹೆಸರೂ ಇಲ್ಲ. ಆದರೆ ಎರಡೂ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಅಲ್ಲಿವೆ. 1884-85ರಲ್ಲಿ ಬರ್ಲಿನ್‌ನಲ್ಲಿ ಯುರೋಪಿನ ದೇಶಗಳು ಸಭೆ ಸೇರಿ ಆಫ್ರಿಕಾದ ವ್ಯಾಪಾರದ ಮತ್ತು ಹಂಚಿಕೆಯ ನಿಯಮ ಮಾಡಿಕೊಂಡವು. ಆ ಸಭೆಯಲ್ಲಿ ಒಬ್ಬನೇ ಒಬ್ಬ ಆಫ್ರಿಕನ್ ಪ್ರತಿನಿಧಿ ಇರಲಿಲ್ಲ. ಅದರ ಬೆನ್ನಲ್ಲೇ ಬೆಲ್ಜಿಯಂನ ಎಪ್ಪತ್ತು ಪಟ್ಟಿಗೂ ದೊಡ್ಡದಾದ ಕಾಂಗೋ ನಾಡು ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡ್ ಕೈಗೆ ಬಂತು. ಬೆಲ್ಜಿಯಂ ದೇಶದ ವಸಾಹತಾಗಿ ಅಲ್ಲ, ಅವನ ಸ್ವಂತ ಆಸ್ತಿಯಾಗಿ. ಗುಲಾಮರ ವ್ಯಾಪಾರ ನಿಲ್ಲಿಸುತ್ತೇನೆ, ನಾಗರಿಕತೆ ತರುತ್ತೇನೆ ಎಂದು ಅವನು ಜಗತ್ತಿಗೆ ಹೇಳಿಕೊಂಡಿದ್ದ. ಆ ನೆಲದ ಮೇಲೆ ಒಮ್ಮೆಯೂ ಕಾಲಿಡಲಿಲ್ಲ. 1908ರಲ್ಲಿ ಅದನ್ನು ಬೆಲ್ಜಿಯಂಗೆ ಬಿಟ್ಟುಕೊಡುವವರೆಗೂ ಲಾಭ ತಿಂದ.

ಕಾನ್ರಾಡ್ ಅಲ್ಲಿಗೆ ಹೋದದ್ದು 1890ರ ಜೂನ್‌ನಲ್ಲಿ. ಮಟಾಡಿ ಎಂಬ ಬಂದರಿನಿಂದ ಕಿನ್ಶಾಸಾದವರೆಗೆ ಮುನ್ನೂರೈವತ್ತು ಕಿಲೋಮೀಟರಿಗೂ ಜಾಸ್ತಿ ದೂರವನ್ನು ಹೊರೆಯಾಳುಗಳ ಜೊತೆ ನಡೆದೇ ದಾಟಿದರು. ಆಮೇಲೆ ಒಂದು ಸಣ್ಣ ಸ್ಟೀಮರ್‌ನಲ್ಲಿ ಸ್ಟ್ಯಾನ್ಲಿ ಫಾಲ್ಸ್‌ಗೆ, ಅಂದರೆ ಇಂದಿನ ಕಿಸಂಗಾನಿಗೆ ಹೋದರು. ಕಾಯಿಲೆ ಬಿದ್ದಿದ್ದ ಕ್ಲೈನ್ ಎಂಬ ಕಂಪನಿ ಏಜೆಂಟ್ ವಾಪಸು ಬರುವಾಗ ಆ ಸ್ಟೀಮರ್‌ನಲ್ಲೇ ಸತ್ತ. ಕಂಬದ ಮೇಲಿನ ತಲೆಗಳೂ ಬರೀ ಕಲ್ಪನೆ ಅಲ್ಲ. ಸ್ಟ್ಯಾನ್ಲಿ ಫಾಲ್ಸ್‌ನಲ್ಲಿದ್ದ ಲಿಯೋನ್ ರೋಮ್ ಎಂಬ ಬೆಲ್ಜಿಯಂ ಅಧಿಕಾರಿ ತನ್ನ ಹೂವಿನ ಮಡಿಯ ಸುತ್ತ ಮನುಷ್ಯರ ತಲೆಗಳನ್ನು ಇಟ್ಟಿದ್ದ ಎಂಬ ಸುದ್ದಿ 1898ರ ಡಿಸೆಂಬರ್‌ನಲ್ಲಿ ಲಂಡನ್ನಿನ ವಾರಪತ್ರಿಕೆಯಲ್ಲಿ ಬಂತು. ಕಾನ್ರಾಡ್ ಈ ಕಥೆ ಬರೆಯಲು ಕೂತದ್ದೂ ಅದೇ ತಿಂಗಳು. 1899ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅದು ಪತ್ರಿಕೆಯಲ್ಲಿ ಬಂತು, 1902ರಲ್ಲಿ ಪುಸ್ತಕದೊಳಗೆ ಸೇರಿತು.

ಕಾಂಗೋದಲ್ಲಿ ಏಜೆಂಟರ ಸಂಬಳದ ಜೊತೆ ಕಮಿಷನ್ ಇತ್ತು. ಆನೆದಂತವನ್ನು ಕಿಲೋಗೆ 8 ಫ್ರಾಂಕ್ ಕೊಟ್ಟು ಕೊಂಡರೆ ಯುರೋಪಿನ ಮಾರುಕಟ್ಟೆ ಬೆಲೆಯ 6 ಪರ್ಸೆಂಟ್ ಅವನಿಗೆ. 4 ಫ್ರಾಂಕ್‌ಗೇ ಕೊಂಡರೆ 10 ಪರ್ಸೆಂಟ್. ಕಡಿಮೆ ಕೊಟ್ಟಷ್ಟೂ ಹೆಚ್ಚು ಸಿಗುತ್ತದೆ ಎಂದರೆ, ಕೋವಿ ತೋರಿಸಿ ಪುಕ್ಕಟೆ ಕಿತ್ತುಕೊಂಡವನೇ ಜಾಣ. ಹೀಗೆ ಕಟ್ಟಿದ ವ್ಯವಸ್ಥೆಯೊಳಗೆ ಒಬ್ಬ ಕ್ರೂರಿ ಹುಟ್ಟಲು ಕಾಡಿನ ಮಾಟ ಬೇಕಾಗಿಲ್ಲ. ಅವನಿಗೆ ಬಡ್ತಿ ಸಿಗುತ್ತದೆ ಅಷ್ಟೇ. ಕರ್ಟ್ಜ್ ಬಗ್ಗೆ ಠಾಣೆಯ ಮ್ಯಾನೇಜರ್ ಏನು ದೂರುತ್ತಾನೆ ನೋಡಿ. ಕೊಲೆ ತಪ್ಪು ಅಂತ ಅಲ್ಲ. ಅವನ ‘ವಿಧಾನ’ ಸರಿಯಿಲ್ಲ, ಅದರಿಂದ ಆ ಜಿಲ್ಲೆಯ ವ್ಯಾಪಾರ ಸದ್ಯಕ್ಕೆ ಹಾಳಾಯಿತು ಅಂತ.

ಒಂದು ವಿಷಯದಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕತ್ತರಿಸಿದ ಕೈಗಳ ಕಾಂಗೋ ಈ ಕಾದಂಬರಿಯಲ್ಲಿ ಇಲ್ಲ. 1888ರಲ್ಲಿ ಡನ್‌ಲಪ್ ಅವರ ಗಾಳಿ ತುಂಬಿದ ಟೈರ್ ಬಂದ ಮೇಲೆ ರಬ್ಬರಿಗೆ ಬೇಡಿಕೆ ಏರಿತು. ಕಾಡಿನ ಬಳ್ಳಿಗಳಿಂದ ರಬ್ಬರ್ ತರಲು ಹಳ್ಳಿಹಳ್ಳಿಗೆ ಪಾಲು ಕಟ್ಟಿದರು. ಗಂಡಸರು ತರುವವರೆಗೆ ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಂಡರು. ಗುಂಡು ದಂಡವಾಗಿಲ್ಲ ಎಂದು ತೋರಿಸಲು ಸೈನಿಕರು ಸತ್ತವರ ಬಲಗೈ ಕಡಿದು ತಂದರು, ಬದುಕಿದ್ದವರ ಕೈಯನ್ನೂ ಕಡಿದರು. ಇದು ಹೆಚ್ಚಾಗಿದ್ದು ಕಾನ್ರಾಡ್ ಬಂದುಹೋದ ಮೇಲೆ. ಅವರು ಕಂಡದ್ದು ಆನೆದಂತದ ಕಾಲ. ಜನಗಣತಿ ಇಲ್ಲದ್ದರಿಂದ ಸತ್ತವರ ಅಂದಾಜುಗಳು ಬೇರೆ ಬೇರೆ ಇವೆ, ಕೆಲವು ಒಂದು ಕೋಟಿಯವರೆಗೂ ಹೋಗುತ್ತವೆ.

ಈಗ ಅಚಿಬೆ ಮಾತಿಗೆ ಬರೋಣ. 1975ರ ಫೆಬ್ರವರಿ 18ರಂದು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ ಉಪನ್ಯಾಸ ಈ ಕಾದಂಬರಿಯ ಓದನ್ನೇ ಬದಲಿಸಿತು. ಕಾನ್ರಾಡ್ ಜನಾಂಗದ್ವೇಷಿ ಎಂದು ಅವರು ನೇರವಾಗಿ ಹೇಳಿದರು. ಆದರೆ ಪುಸ್ತಕ ನಿಷೇಧಿಸಿ ಎಂದು ಕೇಳಲಿಲ್ಲ. ಇಡೀ ಜನರನ್ನು ಮನುಷ್ಯರಲ್ಲದಂತೆ ಮಾಡುವ ಕಾದಂಬರಿಯನ್ನು ದೊಡ್ಡ ಕಲಾಕೃತಿ ಎನ್ನಬಹುದೇ ಅಂತ ಕೇಳಿದರು, ಇಲ್ಲ ಎಂದು ತಾವೇ ಉತ್ತರಿಸಿದರು. ಅಚಿಬೆ ‘ತಿರಸ್ಕರಿಸಿದರು, ಆದ್ದರಿಂದ ಬಿಡಿ’ ಎನ್ನುವವರು ಆ ಉಪನ್ಯಾಸವನ್ನು ಓದಿರೋದಿಲ್ಲ. ಒಂದೊಂದು ಸಾಲನ್ನೂ ಹಿಡಿದು ಓದಿದವರು ಮಾತ್ರ ಅಂಥ ಉಪನ್ಯಾಸ ಕೊಡಬಲ್ಲರು.

ಅವರು ತೋರಿಸುವ ಸಾಕ್ಷಿ ಗಟ್ಟಿಯಾಗಿದೆ. ಸ್ಟೀಮರ್‌ನ ಬಾಯ್ಲರ್ ನೋಡಿಕೊಳ್ಳುವ ಒಬ್ಬ ಆಫ್ರಿಕನ್ ಇದ್ದಾನೆ. ಕೆಲಸ ಕಲಿತವನು, ಹುಷಾರಾಗಿ ಮಾಡುತ್ತಾನೆ. ಅವನನ್ನು ನೋಡಿದರೆ ಮಾರ್ಲೋಗೆ ನೆನಪಾಗೋದು ಚಡ್ಡಿ, ಪುಕ್ಕದ ಟೋಪಿ ತೊಟ್ಟು ಹಿಂಗಾಲ ಮೇಲೆ ನಡೆಯುವ ನಾಯಿ. ಇವನು ದಡದಲ್ಲಿ ಚಪ್ಪಾಳೆ ತಟ್ಟಿ ಕುಣಿಯುತ್ತಿರಬೇಕಿತ್ತು ಎಂದೂ ಸೇರಿಸುತ್ತಾನೆ. ಆಫ್ರಿಕನ್ನರಿಗೆ ಇಡೀ ಪುಸ್ತಕದಲ್ಲಿ ಸಿಗುವ ಮಾತು ಲೆಕ್ಕಕ್ಕೆ ನಾಲ್ಕು ತುಂಡು. ಒಂದು ಕಡೆ ಅವರು ಮನುಷ್ಯರನ್ನು ತಿನ್ನಲು ಕೊಡಿ ಎನ್ನುತ್ತಾರೆ, ಇನ್ನೊಂದು ಕಡೆ ಒಬ್ಬ ಆಳು ಬಾಗಿಲಲ್ಲಿ ತಲೆ ಹಾಕಿ ಕರ್ಟ್ಜ್ ಸತ್ತ ಸುದ್ದಿ ಹೇಳುತ್ತಾನೆ. ಹೆಂಗಸರನ್ನೇ ತಗೊಳ್ಳಿ. ಕರ್ಟ್ಜ್‌ನನ್ನು ಬೀಳ್ಕೊಡಲು ದಡಕ್ಕೆ ಬರುವ ಆಫ್ರಿಕನ್ ಹೆಣ್ಣಿನ ಒಡವೆ, ನಡಿಗೆ, ನಿಲುವು ಎಲ್ಲ ವರ್ಣನೆ ಇದೆ, ಮಾತು ಒಂದೂ ಇಲ್ಲ. ಯುರೋಪಿನಲ್ಲಿ ಕಪ್ಪು ಬಟ್ಟೆ ತೊಟ್ಟು ಶೋಕದಲ್ಲಿರುವ ಹುಡುಗಿಗೆ ಪುಟಗಟ್ಟಲೆ ಸಂಭಾಷಣೆ. ದುಃಖ ಇಬ್ಬರಿಗೂ ಇದೆ. ಅದನ್ನು ಹೇಳಿಕೊಳ್ಳುವ ಬಾಯಿ ಒಬ್ಬಳಿಗೆ ಮಾತ್ರ.

‘ಅದೆಲ್ಲ ಮಾರ್ಲೋನ ಮಾತು, ಕಾನ್ರಾಡ್ ಅವರದ್ದಲ್ಲ’ ಎಂಬ ಉತ್ತರ ತರಗತಿಯಲ್ಲಿ ಬಂದೇ ಬರುತ್ತದೆ. ಅರ್ಧ ಸರಿ. ಕಥೆಯನ್ನು ಮಾರ್ಲೋ ಹೇಳುತ್ತಾನೆ, ಅದನ್ನು ದೋಣಿಯಲ್ಲಿದ್ದ ಇನ್ನೊಬ್ಬ ನಮಗೆ ಹೇಳುತ್ತಾನೆ. ಆದರೆ ಮಾರ್ಲೋ ನೋಡಿದ ರೀತಿ ತಪ್ಪು ಎಂದು ತೋರಿಸುವ ಇನ್ನೊಂದು ಕಣ್ಣು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಇದು ಅಚಿಬೆ ಅವರದೇ ವಾದ. ಇದಕ್ಕೆ ಒಪ್ಪುವಂಥ ಉತ್ತರ ನನಗೆ ಈವರೆಗೆ ಸಿಕ್ಕಿಲ್ಲ.

ಆದರೂ ಈ ಕಾದಂಬರಿ ಆಫ್ರಿಕನ್ನರ ಅವಮಾನವನ್ನು ಸಂಭ್ರಮಿಸುತ್ತದೆ ಎಂಬಲ್ಲಿಗೆ ನಾನು ಅಚಿಬೆ ಅವರ ಜೊತೆ ಹೋಗಲಾರೆ. ಸ್ಟೀಮರ್‌ನ ಆಫ್ರಿಕನ್ ಕೆಲಸಗಾರರಿಗೆ ಕಂಪನಿ ವಾರಕ್ಕೆ ಮೂರು ತುಂಡು ಹಿತ್ತಾಳೆ ತಂತಿ ಸಂಬಳ ಕೊಡುತ್ತದೆ. ಒಂದೊಂದೂ ಒಂದು ಗೇಣುದ್ದ. ಅದನ್ನು ಕೊಟ್ಟು ದಡದ ಹಳ್ಳಿಗಳಲ್ಲಿ ಊಟ ಕೊಳ್ಳಬೇಕಂತೆ. ಹಳ್ಳಿಗಳು ಇಲ್ಲ, ಇದ್ದರೂ ಜನ ಹತ್ತಿರ ಬಿಡೋದಿಲ್ಲ, ಅಥವಾ ಮ್ಯಾನೇಜರ್ ಸ್ಟೀಮರ್ ನಿಲ್ಲಿಸೋದಿಲ್ಲ. ಅವರನ್ನು ನರಭಕ್ಷಕರು ಎಂದು ಮಾರ್ಲೋ ಕರೆಯುತ್ತಾನೆ. ಹಸಿದ ಮೂವತ್ತು ಜನ, ಎದುರಿಗೆ ಐದು ಜನ ಬಿಳಿಯರು. ಇವರು ನಮ್ಮನ್ನು ಯಾಕೆ ಮುಟ್ಟಲಿಲ್ಲ ಎಂದು ಅವನಿಗೆ ಆಶ್ಚರ್ಯ. ಸಂಯಮ ಎಂಬುದು ಆ ಸ್ಟೀಮರ್‌ನಲ್ಲಿ ಇದ್ದದ್ದು ಇವರಿಗೆ, ಕರ್ಟ್ಜ್‌ಗೆ ಇರಲಿಲ್ಲ. ಆ ಕರ್ಟ್ಜ್ ಅನಾಗರಿಕ ಪದ್ಧತಿಗಳನ್ನು ಅಳಿಸುವ ಸಂಘಕ್ಕಾಗಿ ಹದಿನೇಳು ಪುಟದ ವರದಿ ಬರೆದಿದ್ದಾನೆ. ಪರೋಪಕಾರದ ಮಾತೇ ಪುಟದ ತುಂಬ. ಕೊನೆಯಲ್ಲಿ ನಡುಗುವ ಕೈಬರಹದಲ್ಲಿ ಒಂದು ಸಾಲು: ಈ ಮೃಗಗಳನ್ನೆಲ್ಲ ನಿರ್ನಾಮ ಮಾಡಿ! ನಾಗರಿಕತೆ ತರುತ್ತೇವೆ ಎಂಬ ಭಾಷಣದ ಕೊನೆಯ ಸಾಲು ಇದೇ ಎಂದು 1899ರಲ್ಲಿ, ಬ್ರಿಟನ್ನಿನ ಸಂಪ್ರದಾಯಸ್ಥ ಪತ್ರಿಕೆಯೊಂದರಲ್ಲಿ ಬರೆದದ್ದು ಸಣ್ಣ ಸಂಗತಿ ಅಲ್ಲ.

ಹಾಗಾಗಿ ‘ಕಾನ್ರಾಡ್ ಜನಾಂಗದ್ವೇಷಿಯೇ’ ಎಂಬುದಕ್ಕೆ ನನ್ನ ಉತ್ತರ ಹೀಗಿದೆ. ಅಪರಾಧವನ್ನು ಅವರು ಕಂಡರು. ಅದಕ್ಕೆ ಬಲಿಯಾದವರನ್ನು ಮಾತ್ರ ತಮ್ಮಂಥದೇ ಮನುಷ್ಯರನ್ನಾಗಿ ಕಾಣಲಿಲ್ಲ. ಎರಡೂ ಒಂದೇ ಪುಸ್ತಕದಲ್ಲಿ, ಎಷ್ಟೋ ಸಲ ಒಂದೇ ಪುಟದಲ್ಲಿ ಇವೆ. ಹುಟ್ಟಿನಿಂದ ಅವರು ಪೋಲಿಷ್. ರಷ್ಯಾದ ಆಳ್ವಿಕೆಯನ್ನು ವಿರೋಧಿಸಿದ್ದಕ್ಕೆ ಅವರ ಅಪ್ಪನನ್ನು ಗಡೀಪಾರು ಮಾಡಿದ್ದರು. ಹನ್ನೊಂದು ವರ್ಷಕ್ಕೆ ತಾಯಿ, ತಂದೆ ಇಬ್ಬರೂ ಇಲ್ಲವಾದರು. ಸಾಮ್ರಾಜ್ಯ ಎಂದರೇನು ಎಂದು ಅವರಿಗೆ ಮನೆಯಲ್ಲೇ ಗೊತ್ತಿತ್ತು. ಕಣ್ಣಿನ ಈ ಕೊರತೆಯನ್ನು ಅದೂ ತುಂಬಲಿಲ್ಲ.

‘ಆ ಕಾಲವೇ ಹಾಗಿತ್ತು’ ಎಂಬ ಸಮಜಾಯಿಷಿ ಇನ್ನೊಂದು. ಇದಕ್ಕೆ ಉತ್ತರ ಅದೇ ನದಿಯಲ್ಲಿದೆ. 1890ರ ಜುಲೈನಲ್ಲಿ, ಕಾನ್ರಾಡ್ ಮಟಾಡಿಯಿಂದ ನಡೆಯುತ್ತಿದ್ದ ಹೊತ್ತಿನಲ್ಲೇ, ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ ಎಂಬ ಅಮೆರಿಕದ ಕಪ್ಪು ಇತಿಹಾಸಕಾರರು ಸ್ಟ್ಯಾನ್ಲಿ ಫಾಲ್ಸ್‌ನಲ್ಲಿ ಕೂತು ಲಿಯೋಪೋಲ್ಡ್‌ಗೆ ಬಹಿರಂಗ ಪತ್ರ ಬರೆದರು. ಮೋಸದ ಒಪ್ಪಂದ, ಸರಪಳಿ, ಹಳ್ಳಿ ಸುಡೋದು, ಗುಲಾಮಗಿರಿ ಎಲ್ಲವನ್ನೂ ಆರೋಪಪಟ್ಟಿಯ ಹಾಗೆ ಒಂದೊಂದಾಗಿ ಇಟ್ಟರು. ವಿಲಿಯಂ ಶೆಪರ್ಡ್ ಎಂಬ ಇನ್ನೊಬ್ಬ ಕಪ್ಪು ಅಮೆರಿಕನ್ ಪಾದ್ರಿ ಕಸಾಯ್ ನದಿಯ ಕಡೆ ಹೋಗಿ ಕೂಬಾ ಜನರ ಭಾಷೆ ಕಲಿತು, ಅವರ ರಾಜಧಾನಿಗೆ ಹೋಗಿ, ಅವರ ನೇಯ್ಗೆ ಮತ್ತು ಕೆತ್ತನೆಯನ್ನು ಬೆರಗಿನಿಂದ ದಾಖಲಿಸಿದರು. ಈ ಕಾದಂಬರಿ ಅಚ್ಚಾದ 1899ರಲ್ಲೇ, ಹೊಗೆಗೆ ಒಡ್ಡಿ ಒಣಗಿಸುತ್ತಿದ್ದ 81 ಬಲಗೈಗಳನ್ನು ಅವರು ತಾವೇ ಎಣಿಸಿದರು. ಮಟಾಡಿಯಲ್ಲಿ ಕಾನ್ರಾಡ್ ಜೊತೆ ಒಂದೇ ಕೋಣೆಯಲ್ಲಿದ್ದ ರೋಜರ್ ಕೇಸ್‌ಮೆಂಟ್ ಮುಂದೆ ಬ್ರಿಟಿಷ್ ಕಾನ್ಸಲ್ ಆಗಿ ಹಳ್ಳಿಗಳಿಗೆ ಹೋಗಿ, ಸಂತ್ರಸ್ತರ ಮಾತನ್ನೇ ಬರೆದುಕೊಂಡರು. ಆ ವರದಿ 1904ರಲ್ಲಿ ಹೊರಬಂತು. ಕಾನ್ರಾಡ್ ಕಾಂಗೋ ಆಡಳಿತವನ್ನು ಖಂಡಿಸಿ ಕೇಸ್‌ಮೆಂಟ್ ಅವರಿಗೆ ಪತ್ರ ಬರೆದರು, ಆದರೆ ಆ ಆಡಳಿತದ ವಿರುದ್ಧದ ಚಳವಳಿಗೆ ಸೇರಲಿಲ್ಲ. ಅಂದರೆ ಅದೇ ಕಾಲದಲ್ಲಿ ಬೇರೆ ರೀತಿ ನೋಡಿದವರು, ಕೇಳಿಸಿಕೊಂಡವರು ಇದ್ದರು.

ಕಾಂಗೋದ ಜನ ಸುಮ್ನೆ ಕೂತಿದ್ದರು ಅಂತಲೂ ಅಲ್ಲ. ಕಾನ್ರಾಡ್ ನಡೆದುಹೋದ ಹೊರೆದಾರಿಯಲ್ಲಿ 1893ರಲ್ಲಿ ನ್ಜಾನ್ಸು ಎಂಬ ಮುಖಂಡ ದಂಗೆ ಎದ್ದು ಠಾಣೆಯ ಅಧಿಕಾರಿಯನ್ನು ಕೊಂದ. ಬಲವಂತದ ಹೊರೆ, ಅಪಹರಣ ಇದಕ್ಕೆ ಕಾರಣ. ಕಾದಂಬರಿಯಲ್ಲಿ ರಾತ್ರಿ ಡೋಲಿನ ಸದ್ದು ಕೇಳುತ್ತದೆ. ಅದು ಯುದ್ಧವೋ, ಶಾಂತಿಯೋ, ಪ್ರಾರ್ಥನೆಯೋ ತಿಳಿಯಲಿಲ್ಲ ಎನ್ನುತ್ತಾನೆ ಮಾರ್ಲೋ. ದಡದವರಿಗೆ ಅದು ಏನೆಂದು ಚೆನ್ನಾಗಿ ಗೊತ್ತಿತ್ತು.

ನಿಮ್ಮ ಸಂಕಟಕ್ಕೂ ಇದೇ ಉತ್ತರ. ಕಣ್ಣು, ಕಿವಿ, ಭಯ ಎಲ್ಲವನ್ನೂ ಸ್ಟೀಮರ್ ಒಳಗೇ ಇಟ್ಟು ಬರೆದ ಪುಸ್ತಕ ಇದು. ಅಲ್ಲಿ ಬಿಟ್ಟು ಬೇರೆ ಕಡೆ ಕೂರಲು ಓದುಗರಿಗೆ ಜಾಗ ಕೊಟ್ಟಿಲ್ಲ. ನೀವು ಹೆದರಿದ್ದು ನಿಮ್ಮ ಬಣ್ಣವನ್ನು ಮರೆತದ್ದರಿಂದಲ್ಲ, ಬರವಣಿಗೆ ಅಷ್ಟು ಗಟ್ಟಿಯಾಗಿರೋದರಿಂದ. ಆದರೆ ನಾವು ಈ ಕಾದಂಬರಿಯಲ್ಲಿ ಎಲ್ಲಿದ್ದೇವೆ ಅಂತ ಒಂದು ಜಾಗ ತೋರಿಸುತ್ತೇನೆ. ಕಂಪನಿಯ ಕಚೇರಿಯ ಗೋಡೆಯ ಮೇಲೆ ಬಣ್ಣಬಣ್ಣದ ಭೂಪಟ ಇದೆ. ಅದರಲ್ಲಿ ಕೆಂಪು ಜಾಸ್ತಿ ಕಂಡು ಮಾರ್ಲೋಗೆ ಖುಷಿ, ಅಲ್ಲಿ ನಿಜವಾದ ಕೆಲಸ ನಡೆಯುತ್ತಿದೆ ಅಂತ. ಕೆಂಪು ಅಂದರೆ ಬ್ರಿಟಿಷರದ್ದು. ಆ ಕಾಲದ ಭೂಪಟಗಳಲ್ಲಿ ನಮಗೆ ಬಳಿದಿದ್ದೂ ಅದೇ ಬಣ್ಣ. 1876-78ರ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತಾಗ ಆಡಳಿತ ನಡೆಸುತ್ತಿದ್ದದ್ದು ಬ್ರಿಟಿಷ್ ಕಮಿಷನರುಗಳು. ಹಿರಿಯರು ಅದನ್ನು ಧಾತು-ಈಶ್ವರ ಸಂವತ್ಸರಗಳ ಬರ ಎಂದು ಹೇಳುತ್ತಿದ್ದರು. ಬೆಲ್ಜಿಯಂನ ಲೂಟಿಯನ್ನು ಕಂಡ ಕಣ್ಣಿಗೆ ಕೆಂಪು ಬಣ್ಣದ ಒಳಗೇನಿದೆ ಎಂದು ಕಾಣಲಿಲ್ಲ. ಈ ಸಾಲನ್ನು ತರಗತಿಯಲ್ಲಿ ತಪ್ಪದೆ ಓದಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಪಾಠ ಬಿಟ್ಟರೆ ಆ ಹೊತ್ತಿನ ಮುಜುಗರ ತಪ್ಪುತ್ತದೆ. ಆದರೆ ಪಠ್ಯ ಬದಲಿಸುವುದು ಅತಿಥಿ ಉಪನ್ಯಾಸಕರ ಕೈಯಲ್ಲಿರೋದಿಲ್ಲ. ಮಕ್ಕಳು ಗೈಡ್ ಓದಿಕೊಂಡು ಪರೀಕ್ಷೆಗೆ ಹೋಗುತ್ತಾರೆ, ಆ ಗೈಡ್‌ನಲ್ಲಿ ಇರೋದು ಅದೇ ‘ಎದೆಯ ಕತ್ತಲೆ’. ಶೈಲಿ, ಸಂಕೇತ, ನಿರೂಪಣೆ ಅಂತ ಸುರಕ್ಷಿತವಾಗಿ ಪಾಠ ಮುಗಿಸಬಹುದು. ಬಹಳ ಜನ ಹಾಗೇ ಮಾಡುತ್ತಾರೆ. ಆಗ ನಕ್ಕ ಹುಡುಗರಿಗೆ ನಗು ಸರಿ ಅಂತಾಗುತ್ತದೆ, ಯಾಕೆಂದರೆ ಮೇಡಂ ಅದರ ಬಗ್ಗೆ ಏನೂ ಹೇಳಲಿಲ್ಲ. ಮೂರನೆಯದು, ಅಚಿಬೆ ಅವರ ಉಪನ್ಯಾಸವನ್ನೂ ಕಾಂಗೋ ಇತಿಹಾಸವನ್ನೂ ಜೊತೆಗಿಟ್ಟು ಓದೋದು. ನಾನು ಹಿಡಿದಿರೋದು ಈ ದಾರಿ. ಇದರಲ್ಲೂ ತೊಂದರೆ ಇದೆ. ಸಮಯ ಜಾಸ್ತಿ ಬೇಕು. ಅಚಿಬೆ ಮೊದಲೇ ಬಂದರೆ ಮಕ್ಕಳು ‘ಕಾನ್ರಾಡ್ ಜನಾಂಗದ್ವೇಷಿ’ ಎಂಬ ಒಂದು ಸಾಲು ಬಾಯಿಪಾಠ ಮಾಡಿ ಕಾದಂಬರಿ ಓದೋದನ್ನೇ ಬಿಡುತ್ತಾರೆ.

ಅದಕ್ಕೇ ನಾನು ಒಂದು ತರಗತಿಯಲ್ಲಿ ಲಿಯೋಪೋಲ್ಡ್, ಕಮಿಷನ್, ರಬ್ಬರ್ ವಿಷಯ ಹೇಳಿ, ಆಮೇಲೆ ಮೊದಲ ಠಾಣೆಯವರೆಗೆ ಕಾದಂಬರಿ ಓದಿಸುತ್ತೇನೆ. ಬಾಯ್ಲರ್ ನೋಡಿಕೊಳ್ಳುವವನ ಪ್ರಸಂಗಕ್ಕೆ ಬಂದಾಗ ಅಚಿಬೆ ಅವರನ್ನು ತರುತ್ತೇನೆ. ಹೀನಾಯ ವರ್ಣನೆಗಳನ್ನು ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸಬೇಡಿ. ಪುಟ ಹೇಳಿ, ಮೌನವಾಗಿ ಓದಲು ಬಿಡಿ. ಕಪ್ಪು ಜನರಿಗೆ ಬಳಸುವ ಬೈಗುಳ ಪುಸ್ತಕದಲ್ಲಿ ಹಲವು ಸಲ ಬರುತ್ತದೆ. ಅದನ್ನು ನೀವೂ ಉಚ್ಚರಿಸುವ ಅಗತ್ಯವಿಲ್ಲ. 1904ರಲ್ಲಿ ಆಲಿಸ್ ಸೀಲಿ ಹ್ಯಾರಿಸ್ ತೆಗೆದ ಒಂದು ಫೋಟೋ ಇದೆ, ನ್ಸಾಲಾ ಎಂಬ ತಂದೆ ತನ್ನ ಪುಟ್ಟ ಮಗಳ ಕತ್ತರಿಸಿದ ಕೈ, ಕಾಲು ನೋಡುತ್ತಾ ಕೂತಿರುವುದು. ತೋರಿಸುವುದಾದರೆ ಮೊದಲೇ ಹೇಳಿ ತೋರಿಸಿ. ಸಾಧ್ಯವಾದರೆ ಅಚಿಬೆ ಅವರ 1958ರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯಿಂದ ಊರಿನ ಪಂಚಾಯಿತಿ ನಡೆಯುವ ಭಾಗವನ್ನು ಓದಿಸಿ. ಅಲ್ಲಿ ಗಂಡ-ಹೆಂಡತಿಯ ವ್ಯಾಜ್ಯ ತೀರ್ಮಾನವಾಗುತ್ತದೆ. ಆಫ್ರಿಕನ್ನರು ವಾದ ಮಾಡುತ್ತಾರೆ, ನಗುತ್ತಾರೆ, ತೀರ್ಪು ಕೊಡುತ್ತಾರೆ. ಆ ಭಾಗ ಓದಿದ ಮೇಲೆ ಕಾನ್ರಾಡ್ ಪುಸ್ತಕದಲ್ಲಿ ಏನು ಇಲ್ಲ ಅಂತ ವಿವರಿಸುವ ಕೆಲಸ ಉಳಿಯೋದಿಲ್ಲ.

ಆ ಹುಡುಗಿಯ ವಿಷಯದಲ್ಲಿ ಒಂದೇ ಎಚ್ಚರಿಕೆ. ತರಗತಿಯಲ್ಲಿ ‘ನಿನಗೆ ಏನನಿಸುತ್ತೆ’ ಎಂದು ಅವಳನ್ನು ಕೇಳಬೇಡಿ. ಆಫ್ರಿಕಾದ ಪರವಾಗಿ ಉತ್ತರ ಕೊಡೋದು ಅವಳ ಜವಾಬ್ದಾರಿ ಅಲ್ಲ. ಸಿದ್ದಿಗಳ ಪೂರ್ವಜರಲ್ಲಿ ಬಹುಪಾಲು ಪೂರ್ವ ಆಫ್ರಿಕಾದಿಂದ ಬಂದವರು, ಎಷ್ಟೋ ಜನರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಅವರು ತಲೆಮಾರುಗಳಿಂದ ಇದ್ದಾರೆ. ಅವಳು ನಿಮ್ಮ ಜಿಲ್ಲೆಯವಳೇ, ಕಾಂಗೋಗೂ ಅವಳಿಗೂ ಇರುವ ನಂಟು ಆ ಹುಡುಗರ ತಲೆಯಲ್ಲಿ ಮಾತ್ರ. ಮುಂದಿನ ಪಾಠಕ್ಕೆ ಮುಂಚೆ ಅವಳೊಬ್ಬಳಿಗೇ, ಇಂಥ ಪುಟಗಳು ಬರುತ್ತವೆ, ನಾನು ಹೀಗೆ ಪಾಠ ಮಾಡ್ತೀನಿ ಎಂದು ಹೇಳಿದರೆ ಸಾಕು. ಹುಡುಗರನ್ನು ಬೇರೆಯಾಗಿ ಕರೆದು ಮಾತಾಡಿ. ಭಾಷಣ ಬೇಡ. ನೀವು ನಕ್ಕಿದ್ದು, ತಿರುಗಿ ಅವಳನ್ನು ನೋಡಿದ್ದು ನಾನು ಕಂಡೆ, ಇನ್ನೊಮ್ಮೆ ಆಗಬಾರದು ಎಂದು ನೇರವಾಗಿ ಹೇಳಿ. ಮತ್ತೆ ಆದರೆ ಪಾಠ ನಿಲ್ಲಿಸಿ ಎಲ್ಲರೆದುರೇ ಹೇಳಿ, ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿ. ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ, ಅವರನ್ನು ಬೇಕೆಂದೇ ಎಲ್ಲರೆದುರು ಅವಮಾನಿಸೋದಕ್ಕೆ ಕಾನೂನಿನಲ್ಲಿ ಶಿಕ್ಷೆ ಇದೆ. ಇದು ಹುಡುಗಾಟ, ಬಿಡಿ ಎಂದು ಯಾರಾದರೂ ಹೇಳಬಹುದು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅವಳು ಬರುವ ಮುಂಚೆ ಅದೇ ದಾರಿಯಲ್ಲಿ ಅಪಘಾತ ಮಾಡಿದ್ದವನು ಬೇರೆ ದೇಶದ ಆಫ್ರಿಕನ್. ಗುಂಪಿಗೆ ಬಣ್ಣ ಒಂದೇ ಆಗಿದ್ದು ಸಾಕಾಯಿತು.

ಕೊನೆಗೆ ಪರೀಕ್ಷೆ. ‘ಹೌದು’ ಅಥವಾ ‘ಅಲ್ಲ’ ಎಂದು ಶುರುಮಾಡಿದ ಉತ್ತರಗಳು ಸಾಮಾನ್ಯವಾಗಿ ಎರಡನೇ ಪುಟಕ್ಕೆ ಸೊರಗುತ್ತವೆ. ಮಕ್ಕಳಿಗೆ ಕಾದಂಬರಿಯಿಂದಲೇ ಎರಡು ಜಾಗ ಎತ್ತಿಕೊಳ್ಳಲು ಹೇಳಿ. ಒಂದು, ಮರದ ನೆರಳಲ್ಲಿ ಸಾಯುವ ಕೂಲಿಗಳು ಮತ್ತು ಲೆಕ್ಕಿಗ. ಇನ್ನೊಂದು, ಬಾಯ್ಲರ್ ನೋಡಿಕೊಳ್ಳುವವನ ವರ್ಣನೆ. ಮೊದಲನೆಯದರಲ್ಲಿ ಪುಸ್ತಕ ಏನನ್ನು ನೋಡುತ್ತದೆ, ಎರಡನೆಯದರಲ್ಲಿ ಏನನ್ನು ನೋಡೋದಿಲ್ಲ ಎಂದು ಬರೆಯಲಿ. ಅಚಿಬೆ ಅವರ ವಾದವನ್ನು 1975ರ ಉಪನ್ಯಾಸದ ಹೆಸರಲ್ಲೇ ಹೇಳಿ, ತಾವು ಎಲ್ಲಿ ಒಪ್ಪುತ್ತೇವೆ, ಎಲ್ಲಿ ಇಲ್ಲ ಎಂದು ಕಾರಣ ಕೊಡಲಿ. ‘ಎಲ್ಲರೊಳಗೂ ಕತ್ತಲೆ ಇದೆ’ ಎಂದು ಬರೆದವರು ಅದರ ಪಕ್ಕದಲ್ಲೇ ಆನೆದಂತ ಎಂಬ ಪದವನ್ನೂ ಬರೆದು, ಅದು ಯಾರ ಗೋದಾಮಿಗೆ ಹೋಗುತ್ತಿತ್ತು ಎಂದು ಒಂದು ಪ್ಯಾರಾ ಸೇರಿಸಲಿ. ನನ್ನ ಕೈಗೆ ಅಂಥ ಉತ್ತರಪತ್ರಿಕೆ ಬಂದಾಗ, ಹುಡುಗ ಯಾವ ತೀರ್ಮಾನಕ್ಕೆ ಬಂದಿದ್ದರೂ, ಅಂಕ ಕಡಿಮೆ ಮಾಡಿಲ್ಲ.